ಮೊದಲು ಪೇಜ್ ಹಾಕುತ್ತಿದ್ದ ಭೂಷಣ್ ಸಾರ್

ಭೂಷಣ್ ಸಾರ್ ಫೋನಿನಲ್ಲಿ ಮಾತಿಗಿಳಿದರೆ ಮೇಜಿನ ಮೇಲಿದ್ದ ಫೋನನ್ನು ನಾವು ಯಾರಾದರೊಬ್ಬರು ಹಿಡಿದುಕೊಂಡಿರಬೇಕಿತ್ತು. ರಿಸೀವರ್ ಕಿವಿಗಿಟ್ಟುಕೊಂಡು ಅವರು ನಡೆಯತೊಡಗುತ್ತಿದ್ದರು. ಸುರುಳಿ ವಯರು ನೆಟ್ಟಗಾಗಿ, ಹಗ್ಗದಂತೆ ಬಿಗಿದು, ಫೋನು ಮೇಜಿನ ಅಂಚಿಗೆ ಸರಿಯುತ್ತಿತ್ತು. ಹಿಡಿಯುವುದು ಒಂದು ಕ್ಷಣ ತಡವಾದರೆ ದಢಾರನೆ ನೆಲಕ್ಕೆ. ಹೀಗೆ ಬಿದ್ದು ಬಿದ್ದು ಅದರ ಮೂಲೆ ಒಡೆದುಹೋಗಿತ್ತು. "ಕುಂತು ಮಾತಾಡ್ರಿ ಸರ್," ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ. "ಕೂತ್ರೆ ತಲೆ ಓಡಲ್ಲ ಗಿರಿಜಾವ್ರೇ," ಎನ್ನುತ್ತಿದ್ದರು. ಓಡುವುದು ಬರೀ ತಲೆಯಾಗಿದ್ದರೆ ನಮ್ಮದೇನೂ ತಕರಾರಿರಲಿಲ್ಲ.

ಮೊದಲು ಅವರು ಜಯನಗರದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕಿಸಿಕೊಡುತ್ತಿದ್ದರಂತೆ. ಎರಡು ಸಾವಿರ ಇಸವಿಯ ಆಸುಪಾಸಿನಲ್ಲಿ ಅದನ್ನು ಬಿಟ್ಟು, ಬಿಳೇಕಹಳ್ಳಿಯಲ್ಲಿ ಒಂದು ಪುಟ್ಟ ವೆಬ್ ಡಿಸೈನ್ ಕಂಪನಿ ತೆರೆದರು. ಕಂಪನಿ ಎಂದರೆ ಹಳೆಯದೊಂದು ದನದ ಕೊಟ್ಟಿಗೆ. ಅದು ಪಿಳ್ಳಮ್ಮನವರದು. ಊರು ಊರಾಗಿದ್ದಾಗಿನಿಂದ ಅಲ್ಲೇ ಇದ್ದ ಒಕ್ಕಲು ಮನೆತನ. ಹೊಲವೆಲ್ಲ ಲೇಔಟಾದ ಮೇಲೆ ಬಾಡಿಗೆಗೆ ಕೊಟ್ಟ ಮನೆಗಳ ಆದಾಯದಲ್ಲಿ ಬದುಕುತ್ತಿದ್ದರು. ಕೊಟ್ಟಿಗೆಗೆ ಸುಣ್ಣ ಹೊಡೆಸಿದ್ದರೇ ಹೊರತು ನೆಲವನ್ನು ಮುಟ್ಟಿರಲಿಲ್ಲ. ದನದ ಗಂಜಳ ಹರಿದುಹೋಗಲೆಂದು ಮಾಡಿದ್ದ ಇಳಿಜಾರು ಹಾಗೆಯೇ ಇತ್ತು. ಚಕ್ರದ ಕುರ್ಚಿಯಲ್ಲಿ ಕೂತವರು ಕಾಲೂರಿ ಕೂರದಿದ್ದರೆ ಕೆಲಸದ ಮಧ್ಯೆ ಮೆಲ್ಲಗೆ ಗೋಡೆಯತ್ತ ಜಾರಿಹೋಗುತ್ತಿದ್ದೆವು.

ನಾನು ಗದಗಿನ ಕಡೆಯವಳು. ಗಂಡನಿಗೆ ಬಿಟಿಎಂ ಲೇಔಟಿನ ಕೊರಿಯರ್ ಆಫೀಸಿನಲ್ಲಿ ಕೆಲಸ, ಅಲ್ಲೇ ಒಂದು ಬಾಡಿಗೆ ಮನೆ. ನನಗೆ ಬರುತ್ತಿದ್ದುದು ಕನ್ನಡ ಟೈಪಿಂಗ್ ಒಂದೇ. ಆಗ ಕನ್ನಡದಲ್ಲಿ ಪುಟ ಮಾಡಿದರೆ ಬೇರೆಯವರ ಕಂಪ್ಯೂಟರಿನಲ್ಲಿ ಅಕ್ಷರದ ಬದಲು ಬರೀ ಚೌಕಗಳು ಕಾಣುತ್ತಿದ್ದವು. ಅದಕ್ಕೇ ಒಂದೊಂದು ಸಾಲನ್ನೂ ಟೈಪು ಮಾಡಿ, ಚಿತ್ರವಾಗಿಸಿ, ಪುಟಕ್ಕೆ ಅಂಟಿಸಬೇಕಿತ್ತು. ಆ ಕೆಲಸಕ್ಕೆ ನನ್ನನ್ನು ತೆಗೆದುಕೊಂಡರು. ನಾನು ಒಂದು ಸಾಲು ಮುಗಿಸುವಷ್ಟರಲ್ಲಿ ಸಾರ್ ಬೆನ್ನ ಹಿಂದೆ ನಿಂತು ಕೀಚೈನು ಆಡಿಸುತ್ತಾ, "ಆಯ್ತಾ? ಆಯ್ತಾ?" ಎನ್ನುವರು. ಆ ಕೀಲಿಕೈ ಸದ್ದಿಗೆ ನನಗೆ ಇಂದಿಗೂ ಮೈ ಉರಿಯುತ್ತದೆ.

ಅವರದೊಂದು ಮಂತ್ರವಿತ್ತು: "ಮೊದ್ಲು ಪೇಜ್ ಹಾಕೋಣ. ಮಿಕ್ಕಿದ್ದು ತಾನಾಗೇ ಆಗುತ್ತೆ." ಗಿರಾಕಿಗೆ ತೋರಿಸಲು ನಮೂನೆ ಪುಟ ಮಾಡುವುದು ಆ ಕಸುಬಿನಲ್ಲಿ ಎಲ್ಲರೂ ಮಾಡುವುದೇ. ಇವರು ಅಲ್ಲಿಗೆ ನಿಲ್ಲುತ್ತಿರಲಿಲ್ಲ. ಜಯನಗರದ ಒಬ್ಬ ಸೀರೆ ಅಂಗಡಿಯವರ ಪುಟದಲ್ಲಿ, ಅವರನ್ನು ಒಂದು ಮಾತೂ ಕೇಳದೆ, "ಮದುವೆ ಸೀರೆಗಳನ್ನು ನಿಮ್ಮ ಮನೆಗೇ ತಂದು ತೋರಿಸುತ್ತೇವೆ" ಎಂದು ಹಾಕಿಬಿಟ್ಟರು. ಜೆಪಿ ನಗರದಿಂದ ಯಾರೋ ಅದನ್ನು ನೋಡಿ ಅಂಗಡಿಗೆ ಫೋನು ಮಾಡಿದರು. ಅಂಗಡಿಯವರು ನಮ್ಮಲ್ಲಿಗೆ ಫೋನು ಮಾಡಿ ಬೈದ ಬೈಗುಳ ಕೊಟ್ಟಿಗೆಗೆಲ್ಲ ಕೇಳಿಸಿತು. "ಹೋಗಿ ಬನ್ನಿ ಸಾರ್, ಒಂದ್ಸಲ ಹೋಗಿ ಬನ್ನಿ," ಎಂದರು ಇವರು. ಬೇರೆ ದಾರಿ ಕಾಣದೆ ಆ ಮನುಷ್ಯ ಆಟೋದಲ್ಲಿ ಸೀರೆ ಹೇರಿಕೊಂಡು ಹೋದರು. ಬರುವಾಗ ಗಂಟು ಹಗುರವಾಗಿತ್ತು. ಆಮೇಲೆ ಆ ಅಂಗಡಿಯವರೇ ಊರಿಗೆಲ್ಲ ಇದು ತಮ್ಮದೇ ಐಡಿಯಾ ಎಂದು ಹೇಳಿಕೊಂಡು ತಿರುಗಿದರು.

ಗಿರಾಕಿಗಳ ಕೆಲಸ ಬಾಕಿ ಬಿದ್ದಿದ್ದರೂ ಸಾರ್ ಅವರ ಜೀವವೆಲ್ಲ ಬಿಳೇಕಹಳ್ಳಿಯ ಪುಟದಲ್ಲಿತ್ತು. ಅದು ಕಂಪನಿಯ ಪುಕ್ಕಟೆ ಸೇವೆ. ಯಾವ ಬೀದಿಗೆ ಯಾವತ್ತು ನೀರು, ಯಾವ ಬಸ್ಸು ಎಲ್ಲಿಗೆ, ಮಿಕ್ಸಿ ರಿಪೇರಿ ಯಾರ ಹತ್ತಿರ, ಎಲ್ಲವೂ ಅದರಲ್ಲಿ. ಆದರೆ ಆ ಬೀದಿಗಳಲ್ಲಿ ಕಂಪ್ಯೂಟರು ಇದ್ದದ್ದೇ ಅಪರೂಪ. ಹಾಗಾಗಿ ದಿನಾ ಬೆಳಿಗ್ಗೆ ಪುಟವನ್ನು ಪ್ರಿಂಟು ತೆಗೆದು ಗೇಟಿಗೆ ಅಂಟಿಸುತ್ತಿದ್ದೆವು. ಹಾಲಿನ ಪ್ಯಾಕೆಟ್ಟು ಹಿಡಿದವರು ಅಲ್ಲಿ ನಿಂತು ಓದಿಕೊಂಡು ಹೋಗುವರು. ಒಂದು ದಿನ ಒಬ್ಬರು ಒಳಗೆ ತಲೆಹಾಕಿ, "ಸಾರ್, ನಿಮ್ ವೆಬ್‌ಸೈಟು ಮಳೇಲಿ ನೆಂದೋಗಿದೆ, ಬೇರೆ ಹಾಕಿ," ಎಂದರು. ಸಾರ್ ನಗಲಿಲ್ಲ. ಆಗಲೇ ಎದ್ದು ಹೋಗಿ ಬೇರೆ ಅಂಟಿಸಿ ಬಂದರು.

ಅದೇ ಗೇಟಿನಲ್ಲಿ ಒಂದು ಬೆಳಿಗ್ಗೆ ನನ್ನ ಫೋಟೋ ನೋಡಿದೆ. "ಮಹಿಳೆಯರಿಗೆ ಉಚಿತ ಕಂಪ್ಯೂಟರ್ ತರಗತಿ. ಪ್ರತಿ ಸಂಜೆ. ಶಿಕ್ಷಕಿ: ಶ್ರೀಮತಿ ಗಿರಿಜಾ." ಒಳಗೆ ಹೋದವಳೇ ಜಗಳಕ್ಕೆ ನಿಂತೆ.

"ನನಗ ಕಲಸಾಕ ಬರಂಗಿಲ್ರೀ ಸರ್! ನಾನ ಇನ್ನಾ ಕಲಿಯಾಕತ್ತೀನಿ!"

"ಬರುತ್ತೆ ಬರುತ್ತೆ. ಪೇಜಲ್ಲಿ ಬಂದಿದೆಯಲ್ಲ, ನಿಮಗೂ ಬರುತ್ತೆ."

"ನನ್ನ ಒಂದ್ ಮಾತು ಕೇಳಬೇಕಿಲ್ಲೇನ್ರಿ?"

"ಕೇಳಿದ್ರೆ ಆಗಲ್ಲ ಅಂತಿದ್ರಿ. ಅದಕ್ಕೇ ಕೇಳ್ಲಿಲ್ಲ."

ಸಿಟ್ಟು ಇಳಿದಿರಲಿಲ್ಲ, ಸಂಜೆ ಹೆಂಗಸರು ಬಂದೇಬಿಟ್ಟರು. ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಂದವರು, ಹೂ ಮಾರುವ ಲಕ್ಷ್ಮಿ, ಮನೆಗೆಲಸದವರು. ಚಪ್ಪಲಿಗಳನ್ನು ಹೊರಗೆ ಸಾಲಾಗಿ ಬಿಟ್ಟು, ಗುಡಿಗೆ ಬಂದವರ ಹಾಗೆ ಒಳಗೆ ಬಂದರು. ಮೌಸ್ ಅವರಿಗೂ ಹೊಸದು, ನನಗೂ ಹೆಚ್ಚುಕಡಿಮೆ ಹೊಸದೇ. ನಾನು ಹಗಲು ಕಲಿತದ್ದನ್ನು ಸಂಜೆ ಕಲಿಸಿದೆ. ತಿಂಗಳುಗಳು ಉರುಳಿದಂತೆ ಲಕ್ಷ್ಮಿ ಹೂವಿನ ಬುಟ್ಟಿ ಅತ್ತೆಗೆ ಬಿಟ್ಟು ಒಂದು ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗಿಗೆ ಸೇರಿದಳು. ಊರಲ್ಲಿ ನಾನು ಇಂಥವರ ಸೊಸೆಯಾಗಿದ್ದೆ, ಇಂಥವರ ಹೆಂಡತಿಯಾಗಿದ್ದೆ. ಇಲ್ಲಿ ತರಕಾರಿಯವಳೂ "ಮಿಸ್" ಎಂದು ಕರೆಯತೊಡಗಿದಳು. ಆ ಸುಖವನ್ನು ನಾನು ಮುಚ್ಚಿಡುವುದಿಲ್ಲ. ಆ ತರಗತಿ ನನಗೆ ಪ್ರಾಣಕ್ಕಿಂತ ಹೆಚ್ಚಾಯಿತು.

ಹೀಗಿರುವಾಗ ಪಿಳ್ಳಮ್ಮನವರ ಮಕ್ಕಳು ಕೊಟ್ಟಿಗೆ ಕೆಡವಿ ಬಾಡಿಗೆ ಮನೆಗಳ ಬಿಲ್ಡಿಂಗು ಕಟ್ಟಿಸುವುದೆಂದು ನಿಶ್ಚಯಿಸಿದರು. ಕಂಪನಿಯೇನೋ ಎಲ್ಲಿ ಬೇಕಾದರೂ ನಡೆಯುತ್ತಿತ್ತು. ತರಗತಿ ನಡೆಯುತ್ತಿರಲಿಲ್ಲ. ಹೆಂಗಸರು ನಡೆದು ಬರುವವರು. ನಾಲ್ಕು ಬೀದಿ ಆಚೆ ಎಂದರೂ ಮನೆಯಲ್ಲಿ ಕಳಿಸುತ್ತಿರಲಿಲ್ಲ. "ಪಿಳ್ಳಮ್ಮಜ್ಜಿ ಮನೆ" ಎಂಬ ಒಂದೇ ನಂಬಿಕೆಯ ಮೇಲೆ ಕಳಿಸುತ್ತಿದ್ದರು. ಹೊಸ ಬಿಲ್ಡಿಂಗಿನಲ್ಲಿ ನಮಗೊಂದು ಕೋಣೆ ಸಿಗಬೇಕು, ಇಲ್ಲವಾದರೆ ತರಗತಿ ಮುಗಿಯಿತು.

"ಅಜ್ಜೀನ್ನ ಹೋಗಿ ಕೇಳ್ರಿ ಸರ್," ಎಂದೆ. ಸಾರ್ ಕೊಟ್ಟಿಗೆಯ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಿದ್ದರು. "ಕೇಳಿದ್ರೆ ಇಲ್ಲ ಅಂತಾರೆ ಗಿರಿಜಾವ್ರೇ. ತೋರ್ಸಿದ್ರೆ ಬೇಡ ಅನ್ನಲ್ಲ. ಜನ ಇರೋದೇ ಹಂಗೆ." ನಾನು ತಂಗಿಯ ಮದುವೆಗೆಂದು ಊರಿಗೆ ಹೊರಟಿದ್ದೆ. ಹೋಗುವಾಗ ಮತ್ತೆ ಹೇಳಿದೆ. "ನೀವು ನಿಶ್ಚಿಂತೆಯಾಗಿ ಹೋಗ್ಬನ್ನಿ," ಎಂದರು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಮದುವೆ ಮುಗಿಸಿ ಬಂದಾಗ ಗೇಟಿನ ತುಂಬ ಬಣ್ಣದ ಹಾಳೆ. ನಾಲ್ಕು ಅಂತಸ್ತಿನ ಬಿಲ್ಡಿಂಗಿನ ಚಿತ್ರ, ಕೆಳ ಅಂತಸ್ತಿನಲ್ಲಿ ದೊಡ್ಡ ಹಾಲ್, ಅದರ ಮೇಲೆ "ಶ್ರೀಮತಿ ಪಿಳ್ಳಮ್ಮನವರ ಮಹಿಳಾ ಕಲಿಕಾ ಮಂದಿರ". ದುಂಡಗಿನ ಚೌಕಟ್ಟಿನಲ್ಲಿ ಅಜ್ಜಿಯ ಮುಖ. ದರ್ಶಿನಿ ಹೋಟೆಲಿನ ಗೋಡೆಗೂ, ರೇಷನ್ ಅಂಗಡಿಗೂ ಅದೇ ಹಾಳೆ ಅಂಟಿಸಿದ್ದರು. ಅಂದು ಸಂಜೆ ನಮ್ಮ ಹೆಂಗಸರು ತಟ್ಟೆಯಲ್ಲಿ ಅರಿಶಿನ ಕುಂಕುಮ, ತೆಂಗಿನಕಾಯಿ, ಹೂವು ಇಟ್ಟುಕೊಂಡು ಹೋಗಿ ಅಜ್ಜಿಯ ಕಾಲಿಗೆ ಬಿದ್ದರು. ಯಾತಕ್ಕೆಂದು ಅಜ್ಜಿಗೆ ಗೊತ್ತಿಲ್ಲ. ತಟ್ಟೆ ಇಸಿದುಕೊಂಡು ಎಲ್ಲರಿಗೂ ಒಳ್ಳೆಯದಾಗಲಿ ಎಂದರು. ಅವರು ಹೋದ ಮೇಲೆ ಮೊಮ್ಮಗಳಿಂದ ಗೇಟಿನ ಹಾಳೆ ಓದಿಸಿಕೊಂಡು, ನೇರ ಕೊಟ್ಟಿಗೆಗೆ ಬಂದರು.

"ಏನಪ್ಪಾ ಭೂಷಣಪ್ಪ, ನಾನ್ಯಾವಾಗ ಕೊಟ್ಟೆ ನಿಂಗೆ?"

"ಅಮ್ಮಾ, ಎಷ್ಟು ಒಳ್ಳೆ ಹೆಸ್ರು ಬರುತ್ತೆ ನೋಡಿ ನಿಮಗೆ..."

"ಹೆಸ್ರಿರ್ಲಿ. ಕುಂತ್ಕೋ."

ಸಾರ್ ಕೂತರು. ಕುರ್ಚಿ ಜಾರದಂತೆ ಕಾಲೂರಿಕೊಂಡರು. ಅಜ್ಜಿ ನಿಂತೇ ಮಾತಾಡಿದರು.

"ಅವತ್ತು ನಾನು ಹೊಲ್ದಲ್ಲಿ ಅವರೇಕಾಯಿ ಕೀಳ್ತಿದ್ದೆ. ಲೇಔಟಿನೋನು ಒಬ್ಬ ಬಂದ, ಪೇಪರ್ ಬಿಚ್ಚಿ ತೋರ್ಸ್ದ. ಇದು ರೋಡು, ಇದು ಸೈಟು, ಇದು ಮಕ್ಳಾಡೋ ಪಾರ್ಕು ಅಂದ. ಹಸ್ರು ಬಣ್ಣ ಬಳ್ದಿದ್ದ. ಚಂದಾಗೇ ಇತ್ತು ಕಣಪ್ಪ. ಇದ್ರಲ್ಲಿ ನನ್ ಅವರೆ ಎಲ್ಲೈತೆ ಅಂತ ಕೇಳ್ದೆ. ನಕ್ಬುಟ್ಟ. ಕಾಯಿ ಇನ್ನೂ ಗಿಡದಲ್ಲೇ ಐತೆ, ಪೇಪರ್ನಲ್ಲಿ ಆಗ್ಲೇ ರೋಡಾಗೋಗಿತ್ತು. ನೀನೂ ಅದ್ನೇ ಮಾಡ್ದೆ."

ಸಾರ್ ಕೈಯಲ್ಲಿದ್ದ ಕೀಚೈನನ್ನು ಮೇಜಿನ ಮೇಲಿಟ್ಟರು.

"ಆ ಹೆಣ್ಮಕ್ಳು ನನ್ ಕಾಲು ಮುಟ್ಟಿದ್ರು. ನಂಗೆ ಕೊಡೋ ಮನ್ಸಿತ್ತೋ ಇಲ್ವೋ, ಅದು ನಂಗೇ ಗೊತ್ತಾಗೋಕ್ ಮುಂಚೆ ನನ್ ಕೈಲಿ ಕೊಡ್ಸ್ಬುಟ್ಟೆ. ಇನ್ನು ಕೊಟ್ರೆ ನಾನು ಕೊಟ್ಟಂಗಾಗಲ್ಲ, ಕೊಡ್ದಿದ್ರೆ ನಾನೇ ಕೆಟ್ಟೋಳು. ಖಾಲಿ ಮಾಡು."

ಅಜ್ಜಿ ಹೋದ ಮೇಲೂ ಸಾರ್ ಎಷ್ಟೋ ಹೊತ್ತು ಹಾಗೆಯೇ ಕೂತಿದ್ದರು. ನನಗೆ ಅವರ ಮೇಲೆ ಸಿಟ್ಟು, ಅಜ್ಜಿಯ ಮೇಲೆ ಸಿಟ್ಟು, ಅವರಿಬ್ಬರ ಜಗಳದಲ್ಲಿ ನನ್ನ ತರಗತಿ ಮುಳುಗಿತಲ್ಲ ಎಂಬ ಸಂಕಟ. ಅಜ್ಜಿ ಹೇಳಿದ್ದರಲ್ಲಿ ತಪ್ಪು ಹುಡುಕಲು ನೋಡಿದೆ, ಸಿಗಲಿಲ್ಲ. ಸಾರ್ ಅವರನ್ನು ಬೈಯಲು ನೋಡಿದೆ, ಅದೂ ಆಗಲಿಲ್ಲ. ನನ್ನನ್ನೂ ಅವರು ಹೀಗೇ ಕೇಳದೆ ಶಿಕ್ಷಕಿ ಮಾಡಿದ್ದರು; ಕೇಳಿದ್ದರೆ ನಾನು ಇಂದಿಗೂ ಆಗುತ್ತಿರಲಿಲ್ಲ. ಈ ಎರಡನ್ನೂ ಒಟ್ಟಿಗೆ ಎಲ್ಲಿಡಬೇಕೆಂದು ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ.

ಸಾರ್ ಎಲ್ಲ ಹಾಳೆಗಳನ್ನೂ ತಾವೇ ಹೋಗಿ ಕಿತ್ತು ತಂದರು. ಅದೇ ವಾರ ಕಂಪ್ಯೂಟರುಗಳನ್ನು ಲಗ್ಗೇಜ್ ಆಟೋಗೆ ಹೇರಿಕೊಂಡು ಹೊಸಕೆರೆಹಳ್ಳಿಗೆ ಹೋದರು. ಒಂದನ್ನು ಮಾತ್ರ ನನಗೆ ಬಿಟ್ಟರು. "ಜಾಗ ಸಿಕ್ಕಿದ್ರೆ ಇಟ್ಕೊಳ್ಳಿ," ಎಂದರು, ಮುಖ ನೋಡದೆ. ಜಾಗ ಸಿಗುತ್ತದೆ ಎನ್ನಲಿಲ್ಲ, ಸಿಕ್ಕಿದರೆ ಎಂದರು. ಅವರ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ನಾನು ಅಜ್ಜಿಯ ಬಳಿ ಹೋಗಿ, "ಕೆಳಗ ಒಂದು ಖೋಲಿ ಕೊಡ್ತೀರೇನ್ರಿ?" ಎಂದು ಕೇಳಿದೆ, ಅಷ್ಟೇ. ಅಜ್ಜಿ ಹ್ಞೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಕಾಫಿ ಕೊಟ್ಟು ಕಳಿಸಿದರು. ಬಿಲ್ಡಿಂಗು ಎದ್ದಿತು. ಮನೆಗೆ ಹಾಲುಕ್ಕಿಸಿದ ದಿನ, ಮಕ್ಕಳು ಮುಖ ಊದಿಸಿಕೊಂಡು ನೋಡುತ್ತಿದ್ದಂತೆ, ಕೆಳಗಿನ ಮುಂದಿನ ಕೋಣೆಯ ಬೀಗದ ಕೈಯನ್ನು ನನ್ನ ಅಂಗೈಗೆ ಹಾಕಿದರು. "ಹೆಸ್ರು ಗಿಸ್ರು ಬರ್ಸ್‌ಬ್ಯಾಡ," ಎಂದಷ್ಟೇ ಹೇಳಿದರು. ತರಗತಿ ಮತ್ತೆ ಶುರುವಾಯಿತು. ಸಾರ್ ಅವರಿಗೆ ಫೋನಿನಲ್ಲಿ ಹೇಳಿದೆ. ಆ ಕಡೆ ಅವರು ನಡೆಯುತ್ತಿರುವ ಸದ್ದು ಕೇಳುತ್ತಿತ್ತು. "ಕೇಳಿದ್ರಾ? ಬರೀ ಕೇಳಿದ್ರಾ?" ಎಂದು ಮತ್ತೆ ಮತ್ತೆ ವಿಚಾರಿಸಿದರು.

ಕೆಲವು ತಿಂಗಳಾದ ಮೇಲೆ ಒಂದು ಸಂಜೆ ಅವರು ಬಂದರು. ಅಜ್ಜಿ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಸ್ಕೂಟರು ನಿಲ್ಲಿಸಿ ಸಾರ್ ಗೇಟಿನ ಆಚೆಯೇ ನಿಂತರು. ಗೇಟು ತೆರೆದೇ ಇತ್ತು. ಕಿಟಕಿಯಿಂದ ಹೆಂಗಸರೆಲ್ಲ ಇಣುಕಿದರು.

"ಅಮ್ಮಾ, ಒಳಗೆ ಬರ್ಬೋದಾ?" ಎಂದರು ಸಾರ್.

ಅಜ್ಜಿ ಅವರನ್ನೇ ನೋಡಿದರು. "ಇವತ್ತು ಬ್ಯಾಡ ಕಣಪ್ಪ," ಎಂದರು.

"ಸರಿ ಅಮ್ಮ." ತಲೆಯಾಡಿಸಿ, ನನ್ನತ್ತ ಕೈಯೆತ್ತಿ, ಸ್ಕೂಟರು ಹತ್ತಿ ಹೊರಟೇಹೋದರು.

ನಾನು ಹೊರಗೆ ಓಡಿ ಬಂದವಳು ಅಜ್ಜಿಯೊಡನೆ ಜಗಳವಾಡಿದೆ. ನನ್ನ ಕಣ್ಣಲ್ಲಿ ನೀರಿತ್ತು. ಅಜ್ಜಿ ಹಂದಾಡಲಿಲ್ಲ. "ನಾಳೀಕ್ ಬರ್ಲಿ ಬುಡು. ಈಗ ತಾನೆ ಕೇಳೋದು ಕಲ್ತವ್ನೆ, ಇನ್ನೊಂದ್ ಕಿತ ಕೇಳ್ಲಿ," ಎಂದರು. ಮಾರನೆಯ ಸಂಜೆ ಅವರು ಅದೇ ಕುರ್ಚಿಯಲ್ಲಿ, ದೀಪ ಹಚ್ಚುವ ಹೊತ್ತಾದರೂ ಏಳದೆ ಕೂತಿದ್ದರು. ಆಮೇಲಿನ ಸಂಜೆಯೂ ಹಾಗೆಯೇ. ನನಗೆ ತಡೆಯಲಾಗಲಿಲ್ಲ. ಫೋನು ಮಾಡಿದರೆ ಲೈನು ಸತ್ತಿತ್ತು. ಬಸ್ಸು ಹಿಡಿದು ಹೊಸಕೆರೆಹಳ್ಳಿಗೆ ಹೋದೆ. ಶಟರು ಎಳೆದಿತ್ತು. ಪಕ್ಕದ ಟೈಲರು, "ಅವ್ರು ಕಂಪನಿ ಮುಚ್ಬಿಟ್ರು ಮೇಡಂ. ಊರು ಬಿಟ್ಟು ಹೋಗ್ತೀನಿ, ಒಬ್ರಿಗೆ ಹೇಳಿ ಬರೋದಿದೆ ಅಂತ ಮೊನ್ನೆ ಸಂಜೆ ಹೋಗಿದ್ರು," ಎಂದರು. ಯಾವ ಊರೆಂದು ಅವರಿಗೂ ಗೊತ್ತಿರಲಿಲ್ಲ. ಆಮೇಲೆ ನಾನು ಯಾರು ಯಾರನ್ನೋ ಕೇಳಿದೆ, ಒಬ್ಬೊಬ್ಬರು ಒಂದೊಂದು ಊರು ಹೇಳಿದರು.

ಅಂದು ವಾಪಸು ಬಂದಾಗ ಅಜ್ಜಿ ಕುರ್ಚಿಯಲ್ಲೇ ಇದ್ದರು. "ಏನಂತೆ?" ಎಂದರು.

"ಹೋಗ್ಯಾರಂತ್ರಿ ಅಜ್ಜಿ. ಊರ ಬಿಟ್ಟ ಹೋಗ್ಯಾರ."

ಅಜ್ಜಿ ಬೀದಿಯತ್ತ ತಿರುಗಿದರು.

"ಒಂದ್ ಕಿತ ಬ್ಯಾಡ ಅಂದ್ರೆ ಹೊಂಟೇ ಹೋಗೋದಾ?" ಎಂದರು. "ಆ ಲೇಔಟಿನೋರ್ಗೆ ಎಷ್ಟ್ ಕಿತ ಬ್ಯಾಡ ಅಂದಿದ್ದೆ ನಾನು. ಅವ್ರು ಹೋದ್ರಾ?"