ಸೂಜಿಯನ್ನೂ ಬಿಡಲಿಲ್ಲ, ಉಪವಾಸವನ್ನೂ ಬಿಡಲಿಲ್ಲ

ನಮ್ಮಕ್ಕ ದುರುಗಕ್ಕನಿಗೆ ಇಬ್ಬರ ಮಾತೇ ವೇದವಾಕ್ಯ. ಒಬ್ಬಳು ಊರದೇವತೆ ದುರುಗಮ್ಮ, ಇನ್ನೊಬ್ಬಳು ಮಗಳು ಸುಧಾ. ಉಳಿದವರ ಮಾತಿಗೆ, ಅದರಲ್ಲೂ ತಮ್ಮನಾದ ನನ್ನ ಮಾತಿಗೆ, ಮೂರು ಕಾಸಿನ ಬೆಲೆಯಿಲ್ಲ. ಜಗಳೂರಿನಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವವನು ನಾನು. ಪಾಲಣ್ಣ ನಾಳೆ ಕೊಡ್ತೀನಿ ಅಂದರೆ ಮುಂದಿನ ವಾರ ಎಂಬುದು ಗಿರಾಕಿಗಳಿಗೆಲ್ಲ ಗೊತ್ತು. ಹಾಗಾಗಿ ಅಕ್ಕನನ್ನು ದೂರಿ ಪ್ರಯೋಜನವಿಲ್ಲ.

ಗಂಡ ತೀರಿಕೊಂಡ ಮೇಲೆ ಕುರಿ ಸಾಕಿಯೇ ಮಗಳನ್ನು ಓದಿಸಿದಳು ಅಕ್ಕ. ಸುಧಾ ಸೈನ್ಯದಲ್ಲಿ ಡಾಕ್ಟರಾಗಿ ಆಯ್ಕೆಯಾದಾಗ ನಮಗೆಲ್ಲ ಹಿಗ್ಗೋ ಹಿಗ್ಗು. ಅಲ್ಲಿ ಡಾಕ್ಟರಾದರೂ ಓಡಬೇಕು, ಹಗ್ಗ ಹತ್ತಬೇಕು, ಅದರಲ್ಲೂ ಪಾಸಾಗಬೇಕು ಎಂಬುದು ಆಮೇಲೆ ತಿಳಿಯಿತು. ವರ್ಷಗಟ್ಟಲೆ ಕೂತು ಓದಿದ ಹುಡುಗಿ ಬೆಳಗಾಗುತ್ತಲೇ ಮೆಕ್ಕೆಜೋಳದ ಹೊಲಗಳ ನಡುವಿನ ರಸ್ತೆಯಲ್ಲಿ ಓಡಲು ಶುರು ಮಾಡಿದಳು.

“ಡಾಕ್ಟ್ರಮ್ಮ, ಕುರಿ ತಪ್ಪಿಸ್ಕೊಂಡೈತೇನು?” ಎಂದು ಪಕ್ಕದ ಹೊಲದ ಮೂಕಪ್ಪ ಕಿಚಾಯಿಸುತ್ತಿದ್ದ. ಅವಳು ನಗುತ್ತಿದ್ದಳು. ಆದರೆ ಮನೆಗೆ ಬಂದು ಕಟ್ಟೆಯ ಮೇಲೆ ಕೂತರೆ ಏದುಸಿರು ಇಳಿಯಲು ಬಹಳ ಹೊತ್ತು ಬೇಕಾಗುತ್ತಿತ್ತು. ನನಗೆ ಆಗಲೇ ಒಳಗೊಳಗೇ ಅಳುಕಿತ್ತು.

ತರಬೇತಿಗೆ ಹೊರಡುವ ಮುಂಚೆ, ಸಕ್ಕರೆ ಕಾಯಿಲೆಯ ಸೂಜಿಯನ್ನು ತಾನೇ ಚುಚ್ಚಿಕೊಳ್ಳುವುದನ್ನು ಅವ್ವನಿಗೆ ಕಲಿಸಿದಳು. “ಏನಾರ ಆಗ್ಲಿ ಅವ್ವ, ಸೂಜಿ ಮಾತ್ರ ತಪ್ಪಿಸ್ಬ್ಯಾಡ” ಎಂದು ಕೈ ಹಿಡಿದು ಹೇಳಿದಳು. ಚುಚ್ಚಿಕೊಂಡ ಮೇಲೆ ಉಣ್ಣಲೇಬೇಕು ಎಂದು ಒತ್ತಿ ಹೇಳಲಿಲ್ಲ. ಹೊತ್ತಿಗೆ ಸರಿಯಾಗಿ ಮುದ್ದೆ ಉಣ್ಣುವ ಹೆಂಗಸಿಗೆ ಅದನ್ನು ಯಾರು ಹೇಳುತ್ತಾರೆ?

ಅಲ್ಲಿ ಓಟದ ಪರೀಕ್ಷೆಯ ದಿನ ನಾನು ಅಂಗಡಿ ಬಾಗಿಲು ತೆಗೆಯುವಾಗ ಸುಧಾಳ ಫೋನು ಬಂತು.

“ಮಾವ, ಓಟದಾಗೆ ಫೇಲಾದೆ. ಕೊನೆಗೆ ಕಾಲೇ ಎತ್ತಾಕಾಗ್ಲಿಲ್ಲ. ಇನ್ನೊಂದು ಸಲ ಓಡಿಸ್ತಾರೆ. ಅದ್ರಾಗೂ ಬಿದ್ರೆ ಮನೆಗೆ ಕಳಿಸ್ತಾರೇನೋ.” ದನಿ ಒಡೆದಿತ್ತು. “ಅವ್ವಂಗೆ ಈಗ್ಲೇ ಹೇಳ್ಬ್ಯಾಡ. ಸಂಜೆ ನಾನೇ ಹೇಳ್ತೀನಿ.”

ಮನಸ್ಸು ತಡೆಯದೆ ಅಕ್ಕನ ಮನೆಗೆ ಹೋದೆ. ಹೊಸ್ತಿಲ ಬಳಿ ಗೋಡೆಗೆ ಒರಗಿ ಕೂತಿದ್ದಳು. ಕುಪ್ಪಸವೆಲ್ಲ ಬೆವರಿನಲ್ಲಿ ತೊಯ್ದು ಹೋಗಿತ್ತು, ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು.

“ಉಂಡ್ಯಾ ಅಕ್ಕ?”

“ಇಲ್ಲ. ಅವಳು ಪಾಸಾದ ಸುದ್ದಿ ಬರೋತಂಕ ಹನಿ ನೀರೂ ಮುಟ್ಟಲ್ಲ ಅಂತ ದುರುಗಮ್ಮಂಗೆ ಹೇಳ್ಕೊಂಡೀನಿ.”

“ಸೂಜಿ?”

“ಅದನ್ನ ಬಿಡಾಕೆ ಆಗ್ತೈತಾ? ಸುಧಾ ಹೇಳ್ಯಾಳೆ.”

ಸುಧಾಗೆ ಫೋನು ಮಾಡಿ ಹೇಳಿದೆ. “ಅಯ್ಯೋ ಮಾವ, ಬಾಯಿಗೆ ಸಕ್ಕರೆ ಹಾಕು, ಈಗ್ಲೇ. ತಡ ಮಾಡಿದ್ರೆ ಉಳಿಯಲ್ಲ” ಎಂದಳು. ಲೋಟದ ನೀರಿಗೆ ಸಕ್ಕರೆ ಕಲಸಿ ತಂದರೆ ಅಕ್ಕ ಹಲ್ಲು ಕಚ್ಚಿ ಮುಖ ತಿರುಗಿಸಿದಳು. ಸುಧಾ ಪಾಸಾಗ್ಯಾಳೆ ಎಂದೆ. ನಂಬಲಿಲ್ಲ.

“ನೀನು ಮಾತೆತ್ತಿದ್ರೆ ಸುಳ್ಳು. ಅವಳ ಬಾಯಾಗೆ ಕೇಳ್ಸು.”

ಫೋನನ್ನು ಅಕ್ಕನ ಕಿವಿಗೆ ಹಿಡಿದೆ. ಸುಧಾ ಚಿಕ್ಕಂದಿನಿಂದಲೂ ಅವ್ವನಿಗೆ ಸುಳ್ಳು ಹೇಳಿದವಳಲ್ಲ. ಬೈಸಿಕೊಂಡರೂ ನಿಜವನ್ನೇ ಹೇಳುತ್ತಿದ್ದಳು. ಆ ಕಡೆಯಿಂದ ದನಿ ಬಂತು: “ಪಾಸಾದೆ ಅವ್ವ. ಕುಡಿ.”

ಅಕ್ಕ ಗಟಗಟ ಕುಡಿದಳು. ಮತ್ತೊಂದು ಲೋಟ ಕುಡಿದು, ಬಾಳೆಹಣ್ಣು ತಿಂದ ಮೇಲೆ ಕಣ್ಣಿಗೆ ಕಳೆ ಬಂತು. ಇಂಥ ಹೆಂಗಸನ್ನು ಬೈಯಬೇಕೋ ಕಾಲಿಗೆ ಬೀಳಬೇಕೋ ತಿಳಿಯದೆ ಕೂತುಬಿಟ್ಟೆ.

ಸಂಜೆ ಸುಧಾ ಮತ್ತೆ ಫೋನು ಮಾಡಿದಾಗ ಸ್ಪೀಕರು ಹಾಕಿ ಅಕ್ಕನ ಮುಂದಿಟ್ಟೆ. ನಿಜ ಹೇಳಿಬಿಡುತ್ತೇನೆ ಎಂದು ನನಗೆ ಮೊದಲೇ ತಿಳಿಸಿದ್ದಳು. ಬೈಗುಳದಿಂದಲೇ ಶುರು ಮಾಡಿದಳು. “ಉಪಾಸ ಇದ್ದು ಸೂಜಿ ಹಾಕ್ಕಂಡ್ರೆ ಜೀವ ಹೋಗ್ತೈತವ್ವ.”

“ಹೋಯ್ತೇನು? ಹೋಗ್ಲಿಲ್ಲವಲ್ಲ” ಎಂದಳು ಅಕ್ಕ. ಅಷ್ಟು ಗೆಲುವಾಗಿದ್ದ ಅವಳನ್ನು ನೋಡಿ ಬಹಳ ದಿನವಾಗಿತ್ತು. “ಉಪಾಸಕ್ಕೆ ಫಲ ಸಿಕ್ತು ನೋಡು. ನಿಂಗೆ ಓಡಾಕೆ ಬರಲ್ಲ ಅಂತ ನಂಗೇನು ಗೊತ್ತಿಲ್ವಾ? ಓಡ್ಸಿದ್ದು ದುರುಗಮ್ಮ. ಇನ್ಮ್ಯಾಲೆ ನಿನ್ನ ಪರೀಕ್ಷೆ ಇದ್ದಾಗೆಲ್ಲ ಹಿಂಗೇ ಇರ್ತೀನಿ. ಯಾವತ್ತು ಅಂತ ಹೇಳು, ಸಾಕು.”

ನಾನು ತಲೆ ತಗ್ಗಿಸಿದೆ.

“ಇನ್ನು ಪರೀಕ್ಷೆ ಇಲ್ಲವ್ವ” ಎಂದಳು ಸುಧಾ. “ಎಲ್ಲಾ ಮುಗೀತು.”

ಮೊದಲ ಸಲ ಪರೀಕ್ಷೆಗೆ ಅವಳು ಓಡುವ ದಿನ ಊರಿಗೆಲ್ಲ ಗೊತ್ತಿತ್ತು. ಮತ್ತೆ ಓಡುವುದು ಯಾವ ದಿನ ಎಂದು ಅವಳು ನನಗೂ ಹೇಳಿಲ್ಲ.