ಒಂದು ವಾಟಿ ಎಣ್ಣೆಯ ತೂಕ

ಲಕ್ಷ್ಮೇಶ್ವರದಲ್ಲಿ ನಮ್ಮ ಅತ್ತೆ ಕರಿದು ಮಾರುವ ಸಿಹಿತಿಂಡಿ ಶಂಕರಪೋಳಿ ನಮ್ಮ ಓಣಿ ದಾಟಿ ಹೊರಗೆ ಹೋದದ್ದು ಹೋದ ವರ್ಷ. ಶಿರಹಟ್ಟಿಯ ಟೀಚರೊಬ್ಬರು ಬಸುರಿ ಮಗಳ ಕುಬಸಕ್ಕೆ ಹತ್ತು ಕಿಲೋ ಬೇಕೆಂದು ಹೇಳಿ ಹೋಗಿದ್ದರು. ನಮಗೆ ಬಂದ ಮೊದಲ ದೊಡ್ಡ ಆರ್ಡರು. ಖುಷಿಗೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಗದಗಕ್ಕೆ ಹೋಗಿ ಒಂದು ಎಲೆಕ್ಟ್ರಾನಿಕ್ ತೂಕದ ಕಾಟಾ ತಂದೇಬಿಟ್ಟೆ.

ಅತ್ತೆಯ ಅಳತೆಯೆಲ್ಲ ವಾಟಿ ಎನ್ನುವ ಒಂದು ಸ್ಟೀಲಿನ ಬಟ್ಟಲಲ್ಲಿ. ಅರ್ಧ ಕಿಲೋ ಮೈದಾಕ್ಕೆ ಒಂದು ವಾಟಿ ಎಣ್ಣೆ ಅಳೆದು ಕಾಯಿಸುವುದು. ನಡುವೆ ಮಾತಿಗೆ ಬಿದ್ದರೆ ಎಷ್ಟು ವಾಟಿ ಸುರಿದೆನೆಂದು ಅವರಿಗೇ ಮರೆತುಹೋಗುತ್ತಿತ್ತು.

"ಇನ್ನ ಎಲ್ಲಾ ತೂಕದ ಲೆಕ್ಕರಿ ಅತ್ತಿ," ಎಂದೆ.

ಮಗಳ ಹಳೆಯ ಹಾಲಿನ ಬಾಟಲಿಯಲ್ಲಿ ನೀರು ಅಳೆದು ವಾಟಿ ತುಂಬಿಸಿದೆ. ಸರಿಯಾಗಿ ಇನ್ನೂರು ಎಂ.ಎಲ್. ಹಿಡಿಯಿತು. ಹಾಗಾದರೆ ಇನ್ನೂರು ಗ್ರಾಂ ಎಂದುಕೊಂಡೆ. ಮೊದಲ ಸಲಕ್ಕೆ ನಾಲ್ಕು ಕಿಲೋ ಹಿಟ್ಟು, ಎಂಟು ವಾಟಿ ಎಣ್ಣೆ, ಅಂದರೆ ಸಾವಿರದ ಆರುನೂರು ಗ್ರಾಂ. ಶಿಗ್ಲಿಯ ಗಾಣದಿಂದ ತಂದ ಶೇಂಗಾ ಎಣ್ಣೆಯನ್ನು ಒಂದು ಗ್ರಾಂ ಆಚೀಚೆ ಆಗದಂತೆ ತೂಗಿ, ಕಾಯಿಸಿ, ಹಿಟ್ಟಿಗೆ ಸುರಿದೆ.

ಅತ್ತೆ ಒಂದು ಹಿಡಿ ಹಿಟ್ಟನ್ನು ಮುಷ್ಟಿಯಲ್ಲಿ ಒತ್ತಿ ನೋಡಿದರು.

"ಎಣ್ಣಿ ಜಾಸ್ತಿ ಬಿದ್ದೈತವ್ವಾ."

"ಇಲ್ರಿ, ತೂಗೇ ಹಾಕೀನಿ."

"ಕಾಟಾ ಏನರ ಹೇಳಲಿ, ನನ್ನ ಕೈ ಬ್ಯಾರೆನ ಹೇಳಾಕತ್ತೈತಿ."

ನಾನು ಕೇಳಲಿಲ್ಲ. ಹಾಲು, ಸಕ್ಕರೆ ಸೇರಿಸಿ ನಾದಿ, ಲಟ್ಟಿಸಿ, ಕತ್ತರಿಸಿ, ಮೊದಲ ಸುತ್ತನ್ನು ಕಡಾಯಿಗೆ ಬಿಟ್ಟೆ. ಬಿಟ್ಟ ಕೂಡಲೇ ಅಂಚುಗಳು ಬಿಚ್ಚಿಕೊಂಡು ಎಣ್ಣೆಯ ತುಂಬ ಬರೀ ಪುಡಿ ತೇಲಿತು. ಮರುದಿನ ಬೆಳಿಗ್ಗೆಯ ಬಸ್ಸಿಗೆ ಡಬ್ಬಿ ಹೋಗಬೇಕಿತ್ತು.

ಅತ್ತೆ ಬೈಯಲಿಲ್ಲ. ಒಲೆ ಆರಿಸಿ, "ನಿನ್ನ ಕಾಟಾ ತಾ ಇಲ್ಲೆ. ವಾಟಿ ತುಂಬ ನೀರ ಇಡು," ಎಂದರು. ವಾಟಿಯ ತೂಕ ಕಳೆದು ಇನ್ನೂರು ತೋರಿಸಿತು.

"ಈಗ ನೀರ ಚೆಲ್ಲಿ, ವರಸಿ, ಎಣ್ಣಿ ತುಂಬು."

ನೂರಾ ಎಂಬತ್ತಮೂರು! ಕಾಟಾ ಕೆಟ್ಟಿತೇನೋ ಎಂದು ಮತ್ತೊಮ್ಮೆ ಇಟ್ಟೆ. ಅದೇ ನೂರಾ ಎಂಬತ್ತಮೂರು.

"ನೀರಿನ ಮ್ಯಾಲ ಎಣ್ಣಿ ತೇಲೂದ ದಿನಾ ನೋಡ್ತಿ. ಹಗರ ಇರಲಾರದ ತೇಲತೈತೇನು?" ಎಂದು ಅತ್ತೆ ನಕ್ಕರು.

ಶಾಲೆಯಲ್ಲಿ ಇದನ್ನೇ ಬರೆದು ಪಾಸಾದವಳು ನಾನು. ನಾಚಿಕೆಗಿಂತ ಹುರುಪೇ ಹೆಚ್ಚಾಗಿ ಅಲ್ಲೇ ನೆಲದ ಮೇಲೆ ಕೂತು ಲೆಕ್ಕ ಹಾಕಿದೆ. ವಾಟಿಗೆ ಹದಿನೇಳು ಗ್ರಾಂ ಹೆಚ್ಚು, ಎಂಟು ವಾಟಿಗೆ ನೂರಾ ಮೂವತ್ತಾರು. ಮುಕ್ಕಾಲು ವಾಟಿ ಎಣ್ಣೆ ಸುಮ್ಮನೆ ಬಿದ್ದಿತ್ತು! ಅದಕ್ಕೆ ತಕ್ಕಷ್ಟು ಮೈದಾ, ಸಕ್ಕರೆ, ಹಾಲು ಕೂಡಿಸಿ ಇಬ್ಬರೂ ಮತ್ತೆ ನಾದಿದೆವು. ಈ ಸಲ ಕಡಾಯಿಗೆ ಬಿಟ್ಟ ತುಂಡುಗಳು ಒಂದೂ ಒಡೆಯದೆ ಉಬ್ಬಿ ಮೇಲೆ ಬಂದವು. ನಾನು ಚಪ್ಪಾಳೆ ಹೊಡೆದೆ.

ಆಮೇಲೆ ಅತ್ತೆಯನ್ನು ಹಿಡಿಯುವವರಿಲ್ಲ. "ತುಪ್ಪ ಕರಗಿಸಿ ಇಡು ನೋಡೂಣು!" ಅದು ಎಣ್ಣೆಯ ಹತ್ತಿರವೇ ನಿಂತಿತು. "ಜೇನುತುಪ್ಪ?" ಇನ್ನೂರ ಎಂಬತ್ತು ದಾಟಿತು. "ಅಯ್ಯ ಶಿವನ!" ಎಂದು ಅವರು ಕಾಟಾದ ಮೇಲೆ ಬಗ್ಗಿಯೇಬಿಟ್ಟರು. ಕಪಾಟಿನ ಬಾಗಿಲ ಮೇಲೆ ನಾನು ದೊಡ್ಡದಾಗಿ ಬರೆದೆ: ಎಣ್ಣೆ ಒಂದು ವಾಟಿ ೧೮೩ ಗ್ರಾಂ, ಒಂದು ಲೀಟರ್ ೯೧೫ ಗ್ರಾಂ, ಒಂದು ಕಿಲೋ ಅಂದರೆ ಹತ್ತಿರಹತ್ತಿರ ಐದೂವರೆ ವಾಟಿ.

ಡಬ್ಬಿ ಹೋದ ಮೂರನೆಯ ದಿನ ಟೀಚರ ಫೋನು ಬಂತು. ಅತ್ತೆ ನನ್ನ ಕೈಯಿಂದ ಕಸಿದುಕೊಂಡೇ ಮಾತಾಡಿದರು. "ಹೌದ್ರಿ... ಕರಗ್ತಾವೇನ್ರಿ ಬಾಯಾಗ?... ಚಕ್ಕಲಿ ಬೇಕೇನ್ರಿ? ಮುಂಡರಗ್ಯಾಗಿನ ನಿಮ್ಮ ತಂಗಿಗೇನ್ರಿ? ಆತ್ರಿ, ಮಾಡಿ ಕಳಸ್ತೀವಿ."

ಫೋನು ಇಡುವ ಮೊದಲೇ ನನ್ನ ತೋಳು ಹಿಡಿದು ಅಲುಗಿಸಿದರು.

"ಏ, ಮುಂಡರಗಿಗೆ ಬಸ್ಸು ಎಷ್ಟಕ್ಕೈತಿ, ಜಲ್ದಿ ಕೇಳ್ಕೊಂಡ ಬಾ!"