ಗೇಣು ಹಾಕಿ ಅಳೆದ ಲಾರಿ

ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ನಾನು ಇಪ್ಪತ್ತೆಂಟು ವರ್ಷ ಕಾಗದದ ದಪ್ಪ ಅಳೆದವನು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ರೀಲನ್ನು ಬದಿಗಿಡಿಸುತ್ತಿದ್ದೆ. ಇಂಥ ನಾನು ಒಂದು ಇಡೀ ಮಿಲಿಟರಿ ಲಾರಿಯನ್ನು ಗೇಣು ಹಾಕಿ ಅಳೆದು ಬಂದೆ ಎಂಬ ಸಂಗತಿಯನ್ನು ನನ್ನ ಹಳೆಯ ಸಹೋದ್ಯೋಗಿಗಳ ಕಿವಿಗೆ ನೀವು ದಯವಿಟ್ಟು ಹಾಕಬೇಡಿ.

ಲಾರಿ ಇದ್ದದ್ದು ನನ್ನ ಹೆಂಡತಿ ಶಾಂತಾಳ ತವರಾದ ಮಳಗಿಯಲ್ಲಿ, ಪಕ್ಕದ ಮನೆಯ ಫಕ್ಕೀರಪ್ಪಜ್ಜನ ಹಿತ್ತಲಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನ್ಯದವರು ಹರಾಜಿಗಿಟ್ಟ ಗಾಡಿ ಅದು. ಯಾರ್ಯಾರದೋ ಕೈ ದಾಟಿ ಜೋಯಿಡಾ ಕಾಡಿಗೆ ಬಂದು ಬಿದಿರು ಹೊತ್ತಿತು. ಅದನ್ನು ಬಹುಕಾಲ ಓಡಿಸಿದ ಡ್ರೈವರ್ ಫಕ್ಕೀರಪ್ಪನವರೇ ಕೊನೆಗೆ ಅದರ ಮಾಲೀಕರೂ ಆದರು. ಅವರಿಗೀಗ ಎಂಬತ್ತು ದಾಟಿದೆ. ಲಾರಿಯ ಮೂತಿಯ ಮೇಲಿನ ಕಂಪನಿಯ ಫಲಕ ಯಾವತ್ತೋ ಉದುರಿತ್ತು. ಹಿಂದಿನ ಅರ್ಧವನ್ನು ಹೀರೇಕಾಯಿ ಬಳ್ಳಿ ನುಂಗಿತ್ತು.

ನಾವು ಹೋದ ದಿನ ಅಜ್ಜ ಕಟ್ಟೆಯ ಮೇಲೆ ಕೂತು ಅದನ್ನೇ ನೋಡುತ್ತಿದ್ದರು. ಮರುದಿನ ಗುಜರಿಯವರು ಬಂದು ಕತ್ತರಿಸಿ ಒಯ್ಯುವವರಿದ್ದರು.

"ಒಂದು ಫೋಟೋ ಹೊಡೀರಿ ಅಳಿಯಂದ್ರ. ನಾಳೆ ಇದು ಇರೂದಿಲ್ಲ," ಅಂದರು.

ಆ ಮಾತು ಕೇಳಿ ನನಗೆ ಕರುಳು ಚುರ್ರೆಂದಿತು. ಕರುಳು ಚುರ್ರೆಂದಾಗ ನನ್ನ ನಾಲಿಗೆ ನನ್ನ ಹಿಡಿತದಲ್ಲಿರುವುದಿಲ್ಲ. "ಫೋಟೋ ಯಾಕ್ರಿ ಅಜ್ಜಾರ, ಲಾರೀನ ಮಾಡಿ ಕೊಡ್ತೇನಿ. ಸಣ್ಣದು, ಆದರ ನಿಮ್ಮ ಲಾರೀನ," ಅಂದುಬಿಟ್ಟೆ. ಅಲ್ಲಿಯವರೆಗೆ ನಾನು ರಟ್ಟಿನಲ್ಲಿ ಮಾಡಿದ್ದು ದೀಪಾವಳಿಯ ಆಕಾಶಬುಟ್ಟಿ ಮಾತ್ರ. ಅಜ್ಜ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೋಡೂಣು," ಅಂದರು. ಆ ಒಂದು ಮಾತು ಆರು ತಿಂಗಳು ನನ್ನ ನಿದ್ದೆಗೆಡಿಸಿತು.

ಬಸ್ಸಿಗೆ ಅರ್ಧ ಗಂಟೆಯಿತ್ತು, ಟೇಪು ದಾಂಡೇಲಿಯಲ್ಲಿತ್ತು. ಲಾರಿಯ ಮುಂಭಾಗವನ್ನು ನಾನು ಗೇಣು ಹಾಕಿ ಅಳೆದೆ. ಬಳ್ಳಿಯೊಳಗೆ ನುಸುಳಿ ಹಿಂಭಾಗ ಅಳೆಯಲು ನನ್ನ ಹೊಟ್ಟೆ ಒಪ್ಪಲಿಲ್ಲ. ಸೆರಗು ಸಿಕ್ಕಿಸಿಕೊಂಡು ಶಾಂತಾ ನುಸುಳಿದಳು. ಅವಳು ಒಳಗಿನಿಂದ ಎಣಿಸಿ ಕೂಗಿದಳು, ನಾನು ಹೊರಗೆ ನಿಂತು ಬರೆದುಕೊಂಡೆ. ಮುಂದಿನ ಗಾಲಿ ನಾಲ್ಕು ಗೇಣು, ಹಿಂದಿನ ಗಾಲಿ ಐದು ಗೇಣು. ಫೋಟೋವನ್ನೂ ಹೊಡೆದೆ. ಮನೆಗೆ ಬಂದು ನೋಡಿದರೆ ಅದರಲ್ಲಿ ಹೀರೇಕಾಯಿಗಳೇ ಚೆನ್ನಾಗಿ ಬಂದಿದ್ದವು.

ಆಮೇಲೆ ನಮ್ಮ ಮನೆ ಲಾರಿ ಕಾರ್ಖಾನೆಯಾಯಿತು. ಗೇಣಿಗೆ ಒಂದೂವರೆ ಸೆಂಟಿಮೀಟರಿನ ಲೆಕ್ಕ. ದಪ್ಪ ರಟ್ಟಿನ ಒಡಲು, ಪೆನ್ನಿನ ರೀಫಿಲ್ಲಿನ ಅಚ್ಚು, ಹವಾಯಿ ಚಪ್ಪಲಿ ಕತ್ತರಿಸಿ ಗಾಲಿ. ಶಾಂತಾ ಓಣಿಯವರಿಗೆಲ್ಲ ಜಂಪರ ಹೊಲಿಯುತ್ತಾಳೆ. ಅವಳ ಡಬ್ಬಿಯ ಹುಕ್ಕುಗಳು ಬಾನೆಟ್ಟಿಗೂ ಟಿಚ್ ಬಟನ್‌ಗಳು ಹೆಡ್‌ಲೈಟಿಗೂ ವರ್ಗವಾದವು. ಮೇಲಿನ ತಾಡಪಾಲಿಗೆ ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ಕೊಂಡ ಹಸಿರು ಚೀಲವೊಂದು ಬಲಿಯಾಯಿತು. ಹುಕ್ಕು ಸಿಗದೆ ಪರದಾಡಿದಾಗಲೆಲ್ಲ ಅವಳು ನನ್ನ ಲಾರಿಯನ್ನು ನೋಡಿ ನಗುತ್ತಿದ್ದಳು.

ನಾಲ್ಕು ತಿಂಗಳಿಗೆ ಗಾಡಿ ಗಾಲಿಯ ಮೇಲೆ ನಿಂತಿತು. ನಿಂತ ಮೇಲೆ ಟ್ರ್ಯಾಕ್ಟರಿನಂತೆ ಕಂಡಿತು. ಹಿಂದಿನ ಗಾಲಿ ದೊಡ್ಡದು, ಮುಂದಿನದು ಚಿಕ್ಕದು. ತಪ್ಪು ನನ್ನದಿರಬಹುದೆಂಬ ಯೋಚನೆ ನನ್ನಂಥವನಿಗೆ ಸುಲಭವಾಗಿ ಬರುವುದಿಲ್ಲ. ಚಹಾದಂಗಡಿಯಲ್ಲಿ ಗೆಳೆಯರನ್ನು ಕೂಡಿಸಿಕೊಂಡು, ಮರುಭೂಮಿಯ ಉಸುಕಿನಲ್ಲಿ ಗಾಡಿಯನ್ನು ಹಿಂದಿನಿಂದ ನೂಕಲು ದೊಡ್ಡ ಗಾಲಿಯೇ ಬೇಕೆಂದು ಸೈನ್ಯದ ಎಂಜಿನಿಯರರು ಕಂಡುಕೊಂಡಿದ್ದರು ಎಂದು ಭಾಷಣ ಬಿಗಿದೆ. ಒಬ್ಬರು ಮೊಮ್ಮಗನಿಗೆ ಹೇಳಬೇಕೆಂದು ಅದನ್ನು ಬರೆದುಕೊಂಡರು. ಆದರೂ ಒಳಗೊಳಗೆ ಪುಕುಪುಕು. ಹೋಗಿ ನೋಡೋಣವೆಂದರೆ ಲಾರಿಯೇ ಇಲ್ಲ. ಅಜ್ಜನನ್ನೇ ಕೇಳೋಣವೆಂದರೆ ಮರ್ಯಾದೆ ಅಡ್ಡ ಬರುತ್ತಿತ್ತು.

ಒಂದು ದಿನ ಶಾಂತಾ ಮಷಿನ್ನಿನಿಂದ ತಲೆಯೆತ್ತಿ ಲಾರಿಯನ್ನು ದಿಟ್ಟಿಸಿದಳು. "ಮುಂದ ಒಬ್ಬಾಕಿ ಅಳತಿ, ಹಿಂದ ಇನ್ನೊಬ್ಬಾಕಿ ಅಳತಿ ಹಾಕಿ ಹೊಲಿದ ಜಂಪರ ಆಗೇತಿ ನೋಡ್ರಿ ಇದು."

"ಗೇಣು ಅಂದ್ರ ಗೇಣಲ್ಲೇನ?" ಅಂದೆ.

"ನಾ ಅಳದದ್ದು ನನ್ನ ಗೇಣಿಲೆ. ನಿಮ್ಮ ಕೈ ಕಡಾ ಇಸ್ಕೊಂಡು ಹೋಗಿದ್ನೇನ್ರಿ?"

ಎದ್ದು ಬಂದು ನನ್ನ ಅಂಗೈಯನ್ನು ಮೇಜಿನ ಮೇಲೆ ಎಳೆದಿಟ್ಟಳು. ಪಕ್ಕದಲ್ಲಿ ತನ್ನ ಕೈಯಿಟ್ಟು ಬೆರಳು ಚಾಚಿದಳು. ಅವಳ ಗೇಣು ನನ್ನದಕ್ಕಿಂತ ಎರಡು ಬೆರಳು ಚಿಕ್ಕದಿತ್ತು. ಮದುವೆಯಾಗಿ ಮೂವತ್ತೊಂದು ವರ್ಷಗಳಲ್ಲಿ ಆ ಎರಡು ಕೈಗಳನ್ನು ಹಾಗೆ ಪಕ್ಕಪಕ್ಕ ಇಟ್ಟು ನೋಡಿದ್ದು ಅದೇ ಮೊದಲು. ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ನಮ್ಮ ಹಿರಿಯರು ಗೇಣು, ಮೊಳ, ಮಾರು ಎಂದು ಅಳತೆಗಳನ್ನೆಲ್ಲ ಮೈಮೇಲೆಯೇ ಹೊತ್ತು ತಿರುಗಿದರು. ಮರೆತು ಬರುವ ಭಯವಿಲ್ಲ ನಿಜ, ಆದರೆ ಅದು ಯಾರ ಮೈ ಎಂದು ಕೇಳಲೇಬೇಕು. ಹೂ ಮಾರುವವಳ ಮೊಳವನ್ನು ನೋಡಿ ಕೊಳ್ಳುವವಳು ತನ್ನ ಕೈ ಚಾಚಿ ಜಗಳ ತೆಗೆಯುತ್ತಾಳಲ್ಲ, ಅವಳಿಗಿದ್ದ ಬುದ್ಧಿ ಮಿಲ್ಲಿನಲ್ಲಿ ಅಷ್ಟು ವರ್ಷ ಸವೆದ ನನಗಿರಲಿಲ್ಲ. ಲಾರಿಯ ಹಿಂಭಾಗ ಬಿಚ್ಚಿ ಶಾಂತಾಳ ಗೇಣಿನ ಲೆಕ್ಕದಲ್ಲಿ ಮತ್ತೆ ಕಟ್ಟಿದೆ. ಎರಡು ತಿಂಗಳು ಹಿಡಿಯಿತು. ನಾಲ್ಕೂ ಗಾಲಿ ಒಂದೇ ಸಮನಾದವು, ಗಾಡಿಗೆ ಒಮ್ಮೆಲೇ ಗತ್ತು ಬಂತು. ಚಹಾದಂಗಡಿಯಲ್ಲಿ ಸೈನ್ಯದ ಎಂಜಿನಿಯರರ ವಿಷಯ ಮತ್ತೆ ಎತ್ತಲಿಲ್ಲ.

ಹಳಿಯಾಳದಲ್ಲಿ ಬಸ್ ಬದಲಿಸಿ ಲಾರಿಯನ್ನು ತೊಡೆಯ ಮೇಲಿಟ್ಟುಕೊಂಡು ಶಾಂತಾಳ ಜೊತೆ ಮಳಗಿಗೆ ಹೊರಟೆ. "ಪಂಕ್ಚರ್ ಆದರ ನೀವ ಇಳದು ತಳ್ಳಬೇಕು ಮತ್ತ," ಅಂದ ಕಂಡಕ್ಟರ್. ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅಜ್ಜ ಇದನ್ನು ನೋಡಿ "ಚಂದ ಐತ್ರಿ" ಎಂದರೆ ನಾನು ಸೋತಂತೆಯೇ. ಚಂದದ ಆಟಿಕೆ ಪೇಟೆಯಲ್ಲೂ ಸಿಗುತ್ತದೆ. ಅವರಿಗೆ ಇದು ತಮ್ಮ ಲಾರಿಯೇ ಅನ್ನಿಸಬೇಕಿತ್ತು.

ಮಳೆನೀರು ಹರಿಯಲೆಂದು ಇಳಿಜಾರು ಮಾಡಿದ ಅವರ ಕಟ್ಟೆಯ ಮೇಲೆ ಲಾರಿಯನ್ನು ಮನೆಯ ಕಡೆ ಮೂತಿ ಮಾಡಿ ಇಟ್ಟೆ. ಅಜ್ಜ ಬಾನೆಟ್ಟಿನ ಮೇಲೆ ಬೆರಳಾಡಿಸಿದರು. ಬಗ್ಗಿ ಕೆಳಗೆ ನೋಡಿದರು. ಆಮೇಲೆ ಸೊಂಟದ ಚಂಚಿ ಬಿಚ್ಚಿ, ಎಲೆ ಸರಿಸಿ, ಅಡಿಕೆಯ ಹೋಳೊಂದನ್ನು ತೆಗೆದರು. ಬಾಯಿಗೆ ಹಾಕಿಕೊಳ್ಳುತ್ತಾರೆಂದುಕೊಂಡೆ. ಅದನ್ನು ಹಿಂದಿನ ಗಾಲಿಯ ಬುಡಕ್ಕೆ ಒತ್ತಿ ಇಟ್ಟರು.

"ಯಾಕ್ರಿ ಅಜ್ಜಾರ?"

"ಹ್ಯಾಂಡ್‌ಬ್ರೇಕ್ ಹಿಡಿಯೂದಿಲ್ರಿ ಇದರದು. ಉಳವಿ ಏರಿನ್ಯಾಗ ಎಷ್ಟು ಸಲ ಹಿಂದ ಜಾರೇತಿ, ನಿಮಗೇನ ಗೊತ್ತು?"

ನನಗೆ ಅಲ್ಲೇ ಕುಣಿಯಬೇಕೆನಿಸಿತು. ಅಜ್ಜ ನನ್ನ ಕಡೆ ನೋಡಲೂ ಇಲ್ಲ. ಕಟ್ಟೆಯ ಕೆಳಗೆ, ಲಾರಿಯ ಹಿಂದೆ ನಿಂತಿದ್ದ ಶಾಂತಾಳಿಗೆ ಕೈಸನ್ನೆ ಮಾಡಿ ಗದರಿದರು: "ಯವ್ವಾ, ಹಿಂದ ನಿಂದ್ರಬ್ಯಾಡ. ಈ ಕಡೆ ಬಾ."

ಆರು ತಿಂಗಳು ನನ್ನ ರಟ್ಟಿನ ಲಾರಿಯನ್ನು ನೋಡಿ ನಕ್ಕಿದ್ದ ನನ್ನ ಹೆಂಡತಿ ಥಟ್ಟನೆ ಪಕ್ಕಕ್ಕೆ ಸರಿದು ನಿಂತಳು.